ಹಸಿರು ದೀಪ ಹತ್ತಿತಾ?

ನಮ್ಮ ಹಳೇ ಕಾರಿನ ಮೀಟರಿನ ಕೆಳಗೆ, ಎಡಮೂಲೆಯಲ್ಲಿ ಒಂದು ಹಸಿರು ದೀಪವಿದೆ. ಹೆಸರುಕಾಳಿಗಿಂತ ದೊಡ್ಡದೇನಲ್ಲ. ಆ ದೀಪಕ್ಕೆ ನಾನು ಹಾಕಿದಷ್ಟು ಹಿಡಿಶಾಪವನ್ನು ನನ್ನ ಓರಗಿತ್ತಿಗೂ ಹಾಕಿಲ್ಲ.

ಕಾರನ್ನು ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ ತಂದವರು ನನ್ನ ಯಜಮಾನರು. ಅವರಿಗೆ ಕೊಪ್ಪದ ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಯಂತ್ರವೆಂದರೆ ಪ್ರಾಣ. ಇದು ಲೀನ್ ಬರ್ನ್ ಎಂಜಿನ್ನು, ಪೆಟ್ರೋಲ್ ಮೂಸಿ ನೋಡಿಯೇ ಓಡುತ್ತದೆ ಎಂದು ತಂದ ದಿನವೇ ಅಂಗಡಿ ಸಾಲಿನವರಿಗೆಲ್ಲ ಹೇಳಿಕೊಂಡು ಬಂದರು. ಅದರ ಗುಟ್ಟನ್ನು ನನಗೆ ಬಿಡಿಸಿ ಹೇಳಿದ್ದು ಎನ್.ಆರ್.ಪುರದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ಅವರನ್ನು ನಾವೆಲ್ಲ ಭಾಯಿ ಎಂದೇ ಕರೆಯುವುದು.

“ತೆಳು ಗಂಜಿ ಕುಡ್ಕೊಂಡು ಕೆಲ್ಸ ಮಾಡೋ ಆಳು ಇದ್ದ ಹಾಗೆ ಅಕ್ಕಾ ಇದು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಸಪಾಟು ರಸ್ತೇಲಿ ಒಂದೇ ಹದದಲ್ಲಿ ಹೋದ್ರೆ ತೆಳು ಗಂಜಿ ಸಾಕು ಅಂತ ದೀಪ ಹತ್ತತದೆ. ಏರು ಬಂತೋ, ಕಾಲು ಒತ್ತಿದ್ರೋ, ದಪ್ಪ ಗಂಜಿ ಬೇಕು ಅಂತದೆ. ದೀಪ ಆರ್ತದೆ.”

“ನಮ್ಮ ಕಡೆ ಸಪಾಟು ರಸ್ತೆ ಎಲ್ಲುಂಟು ಭಾಯಿ?” ಎಂದು ಕೇಳಿದ್ದಕ್ಕೆ ಅವರು ನಕ್ಕರು.

ಆದರೂ ಇತ್ತು, ಅಲ್ಲಲ್ಲಿ ಚೂರುಪಾರು. ಮಗಳಿಗೆ ಶನಿವಾರ ಮಧ್ಯಾಹ್ನ ಶೃಂಗೇರಿಯಲ್ಲಿ ಸಂಗೀತ ಪಾಠ. ಹರಿಹರಪುರ ದಾಟಿದ ಮೇಲೆ ರಸ್ತೆ ಅಲ್ಲಿಷ್ಟು ಇಲ್ಲಿಷ್ಟು ನೇರವಾಗುತ್ತದೆ. ಅಲ್ಲಿ ಇವರು ಉಸಿರು ಬಿಗಿಹಿಡಿದು, ಕಾಲನ್ನು ಅಲುಗಾಡಿಸದೆ ಕೂರುವರು. ದೀಪ ಹತ್ತಿತೋ, “ನೋಡು ಮಾರಾಯ್ತಿ, ಹತ್ತಿತು!” ಎಂದು ಕೂಗುವರು. ಲಾಟರಿ ಹೊಡೆದರೂ ಯಾರೂ ಹಾಗೆ ಕೂಗಲಿಕ್ಕಿಲ್ಲ.

ಯಾವಾಗಿನಿಂದಲೋ ಆ ಕೂಗು ಪ್ರಶ್ನೆಯಾಯಿತು. “ದೀಪ ಹತ್ತಿತಾ?” ಎಂದು ನನ್ನನ್ನು ಕೇಳತೊಡಗಿದರು. ನಾನು ತೂಕಡಿಸಬಾರದೆಂದು ಹೀಗೆ ಕೀಟಲೆ ಮಾಡುತ್ತಿದ್ದಾರೆ ಅಂದುಕೊಂಡೆ. “ಹತ್ತಿತು ಹತ್ತಿತು, ಆರತಿ ತರ್ಲಾ?” ಎನ್ನುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ಕಿಸಕ್ಕೆಂದು ನಗುತ್ತಿದ್ದಳು.

ಅದೇ ಸಮಯಕ್ಕೆ ನನಗೆ ಅವರ ಪಕ್ಕ ಕೂರಲು ಹೆದರಿಕೆ ಶುರುವಾಗಿತ್ತು. ರಸ್ತೆ ಬದಿಯಲ್ಲಿ ದನ ನಿಂತಿದ್ದರೂ ಇವರು ಬ್ರೇಕ್ ತುಳಿಯುತ್ತಿರಲಿಲ್ಲ. ಅಡ್ಡರಸ್ತೆಯಿಂದ ಬೈಕು ನುಗ್ಗಿದರೂ ನಿಧಾನಿಸುತ್ತಿರಲಿಲ್ಲ. ಬ್ರೇಕ್ ತುಳಿದರೆ ದೀಪ ಆರುತ್ತದೆ ಎಂಬ ಜುಗ್ಗತನ ಎಂದು ನನಗೆ ಮೈ ಉರಿಯುತ್ತಿತ್ತು. “ಆ ದರಿದ್ರ ದೀಪಕ್ಕೋಸ್ಕರ ನಮ್ಮನ್ನೆಲ್ಲ ಕೊಲ್ತೀರಾ?” ಎಂದು ಕಿರುಚಿದ್ದೂ ಇದೆ. ಅವರು ಮಾತಾಡುತ್ತಿರಲಿಲ್ಲ. ಮೊದಲಾದರೆ ಒಂದಕ್ಕೆರಡು ಮಾತು ತಿರುಗಿಸುತ್ತಿದ್ದವರು. ಮನೆಯಲ್ಲಿ ಊಟಕ್ಕೆ ಕುಳಿತರೆ ಪಕ್ಕದ ಲೋಟ ಉರುಳಿಸುವರು, ಅಂಗಡಿಯಲ್ಲಿ ತಾವೇ ಇಟ್ಟ ಪೈಪಿನ ತುಂಡು ಎಡವುವರು. “ಕಣ್ಣು ಎಲ್ಲಿಟ್ಕೊಂಡಿದ್ದೀರಿ?” ಎಂದು ರೇಗುತ್ತಿದ್ದೆ.

ಒಂದು ಶನಿವಾರ, ಹರಿಹರಪುರ ದಾಟಿದ್ದೆವು. ರಸ್ತೆಯ ಎಡಗಡೆ ಒಬ್ಬ ಹೆಂಗಸು ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ನಮ್ಮ ಕಡೆಗೆ ಬೆನ್ನು ಹಾಕಿ ನಡೆಯುತ್ತಿದ್ದಳು. ದೂರದಿಂದಲೇ ಕಾಣುತ್ತಿದ್ದಳು. ಇವರು ಈಗ ಬಲಕ್ಕೆ ಎಳೆಯುತ್ತಾರೆ, ಈಗ ಎಳೆಯುತ್ತಾರೆ ಎಂದು ಕಾದೆ. ಎಳೆಯಲಿಲ್ಲ. “ರೀ!” ಎಂದು ಕಿರುಚಿ ಸ್ಟೇರಿಂಗಿಗೆ ನಾನೇ ಕೈ ಹಾಕಿದೆ. ಹೊರೆಯ ಸೊಪ್ಪು ನನ್ನ ಕಿಟಕಿಗೆ ಸರ್ರನೆ ಸವರಿತು. ತಿರುಗಿ ನೋಡಿದೆ. ಅವಳು ನಿಂತಲ್ಲೇ ನಿಂತು ನಮಗೆ ಬೈಯುತ್ತಿದ್ದಳು. ಬೈಯುತ್ತಿದ್ದಾಳಲ್ಲ, ಬದುಕಿದೆವು ಅನ್ನಿಸಿತು.

“ಕಾಣ್ಲಿಲ್ವಾ?”

“ಕಂಡಿತ್ತು. ಜಾಗ ಇತ್ತಲ್ಲ” ಎಂದರು.

ಹಿಂದೆ ಪಾಠ ಗುನುಗುತ್ತಿದ್ದ ಮಗಳು ನಿಲ್ಲಿಸಿಬಿಟ್ಟಿದ್ದಳು. ಸ್ವಲ್ಪ ದೂರ ಹೋದ ಮೇಲೆ, ಏನೂ ಆಗಿಲ್ಲವೆಂಬಂತೆ ಅವರು ಕೇಳಿದರು: “ದೀಪ ಹತ್ತಿತಾ?”

ದೀಪ ಹತ್ತಿತ್ತು. ಅವರ ಮೂಗಿನ ಕೆಳಗೇ ಹಸಿರಾಗಿ ಉರಿಯುತ್ತಿತ್ತು. ನನ್ನ ಬಾಯಿಂದ ಅದೇನು ಬಂತೋ, “ಇಲ್ಲ” ಎಂದೆ.

“ಇಲ್ವಾ?” ಕಾಲನ್ನು ಚೂರು ಸಡಿಲಿಸಿದರು. “ಈಗ?”

“ಇಲ್ಲ.”

ಇನ್ನೂ ಸಡಿಲಿಸಿದರು. ಕಾರು ಎತ್ತಿನಗಾಡಿಯ ಹಾಗೆ ತೆವಳತೊಡಗಿತು. ಹಿಂದಿನ ಜೀಪಿನವನು ಹಾರ್ನ್ ಹೊಡೆದು, ಕೈ ಬೀಸಿ ಬೈದು ಮುಂದೆ ಹೋದ. ಇವರು ಕಣ್ಣನ್ನು ರಸ್ತೆಯಿಂದ ಕೀಳಲಿಲ್ಲ. “ಎಂತದೋ ಹಾಳಾಗಿದೆ. ಭಾಯಿಗೆ ತೋರಿಸ್ಬೇಕು” ಎಂದರು. ದೀಪ ಉರಿಯುತ್ತಲೇ ಇತ್ತು.

ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಕಾರು ಓಡಿಸುತ್ತಿರುವವರಿಗೆ ಕಣ್ಣು ಕಾಣುವುದಿಲ್ಲ, ಮಗಳು ಹಿಂದೆ ಕೂತಿದ್ದಾಳೆ, ಮುಂದೆ ತಿರುವುಗಳಿವೆ. ಕೂಗಿದರೆ ಎಲ್ಲಿಗೆ ತಿರುಗಿಸಿಬಿಡುತ್ತಾರೋ! ಎಷ್ಟೋ ತಿಂಗಳು ಹೀಗೇ ಹೋಗಿಬಂದಿದ್ದೇವೆ, ಕಾಡುದಾರಿಯ ಕೆರೆಕಟ್ಟೆಯವರೆಗೂ ಪಂಪಿನ ಮೋಟಾರು ತಲುಪಿಸಿ ಬಂದಿದ್ದಾರೆ ಎಂದೆಲ್ಲ ನೆನಪಾಯಿತು.

“ರೀ,” ಎಂದೆ, ಆದಷ್ಟು ಮೆಲ್ಲಗೆ. “ಅಲ್ಲಿ ಗೂಡಂಗಡಿ ಇದೆ. ನಿಲ್ಸಿ. ನಂಗೆ ವಾಂತಿ ಬರೋ ಹಾಗಾಗ್ತದೆ.”

ನಿಲ್ಲಿಸಿದರು. ಎಂಜಿನ್ ಆರಿತು. ನಾನು ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ದೀಪ ಹತ್ತಿತ್ತು ಕಣ್ರೀ. ಆಗಿಂದ್ಲೂ ಹತ್ಕೊಂಡೇ ಇತ್ತು.”

ಅವರು ಸ್ಟೇರಿಂಗಿನಿಂದ ಕೈ ತೆಗೆದರು. ಆಮೇಲೆ ಹೇಳಿದರು. ಎದುರಿನದು ಚೆನ್ನಾಗಿ ಕಾಣುತ್ತದಂತೆ, ಎರಡಿಂಚಿನ ಪೈಪಿನಲ್ಲಿ ನೋಡಿದ ಹಾಗೆ. ಪಕ್ಕದ್ದು, ಕೆಳಗಿನದು ಇಲ್ಲವೇ ಇಲ್ಲ. ಕಣ್ಣು ತಗ್ಗಿಸಿದರೆ ದೀಪ ಕಾಣುತ್ತಿತ್ತಂತೆ. ಆದರೆ ಆಗ ರಸ್ತೆ ಕಾಣುತ್ತಿರಲಿಲ್ಲ.

“ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಕೀಲಿ ಕಿತ್ಕೊಳ್ತಿದ್ದೆ. ಈ ರಸ್ತೆ ನಂಗೆ ಬಾಯಿಪಾಠ ಮಾರಾಯ್ತಿ.”

“ರಸ್ತೆ ಬಾಯಿಪಾಠ ಇರ್ಬಹುದು. ರಸ್ತೆ ಮೇಲಿನ ಜನ ಬಾಯಿಪಾಠ ಆಗ್ತಾರಾ?”

ಅದಕ್ಕೆ ಅವರು ಅತ್ತುಬಿಟ್ಟರು. ಮಗಳೆದುರು ಅವರು ಅತ್ತದ್ದು ಅದೇ ಮೊದಲು. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಕೀಲಿ ಮಾತ್ರ ಕೊಡಲಿಲ್ಲ. ಕಾರನ್ನು ಗೂಡಂಗಡಿಯವನಿಗೆ ನೋಡಿಕೊಳ್ಳಲು ಹೇಳಿ ಮೂವರೂ ಬಸ್ಸು ಹತ್ತಿ ಮನೆಗೆ ಬಂದೆವು. ಮರುದಿನ ಭಾಯಿ ಬಂದು ಕಾರು ತಂದುಕೊಟ್ಟರು.

ಶಿವಮೊಗ್ಗದ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು, ಕಣ್ಣಿನೊಳಗಿನ ಒತ್ತಡ ಏರಿ ಅಂಚಿನಿಂದ ದೃಷ್ಟಿ ತಿನ್ನುವ ಕಾಯಿಲೆಯಂತೆ. ಹೋದ ದೃಷ್ಟಿ ಹೋಯಿತು, ಉಳಿದದ್ದನ್ನು ದಿನಾ ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು. ಬಾಗಿಲ ತನಕ ಬಂದವಳನ್ನು ಡಾಕ್ಟರು ಮತ್ತೆ ಕರೆದರು: “ಇದು ಮನೆತನದಲ್ಲಿ ಬರಬಹುದು. ಮಗಳನ್ನೂ ವರ್ಷಕ್ಕೊಮ್ಮೆ ಕರ್ಕೊಂಡು ಬನ್ನಿ.” ಮಗಳ ಕಣ್ಣು ಪರೀಕ್ಷಿಸಿ ಸದ್ಯಕ್ಕೆ ಏನಿಲ್ಲ ಎಂದರು. ಆ ‘ಸದ್ಯಕ್ಕೆ’ ಎಂಬ ಮಾತನ್ನು ನಾನು ಮನೆಗೆ ಕಟ್ಟಿಕೊಂಡು ಬಂದೆ.

ನಲವತ್ತಾರಕ್ಕೆ ಡ್ರೈವಿಂಗ್ ಕಲಿತೆ. ಹಿರೇಕೊಡಿಗೆ ಕಡೆಯ ರಸ್ತೆಯಲ್ಲಿ ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಬಿಡುತ್ತಿದ್ದೆ. ಎಂಥ ಸಂಸಾರ ನಮ್ಮದು! ಕಣ್ಣಿದ್ದವಳು ಮುಚ್ಚುವುದು, ಇಲ್ಲದವರು ಓಡಿಸುವುದು. ಇವರು ಪಕ್ಕದಲ್ಲಿ ಕೂತು ಸದ್ದಿನಿಂದಲೇ ಗೇರ್ ಹೇಳಿಕೊಟ್ಟರು. ಎಂಜಿನ್ನಿನ ಸದ್ದು ಹಗುರಾದರೆ “ಈಗ ಹತ್ತಿರ್ಬೇಕು” ಎನ್ನುತ್ತಾರೆ. ಒಂದು ದಿನವೂ ತಪ್ಪಿಲ್ಲ.

ಆದರೆ ಈಗ ಕೇಳುವವಳು ನಾನು. ಮಗಳಿಗೆ ಈಗ ಹದಿಮೂರು. ಎರಡು ಸೀಟಿನ ನಡುವೆ ತಲೆ ಹಾಕಿ ಕೂರುತ್ತಾಳೆ. “ಪುಟ್ಟೀ, ದೀಪ ಹತ್ತಿತಾ?” ಎನ್ನುತ್ತೇನೆ, ಏನೋ ತಮಾಷೆಗೆಂಬ ಹಾಗೆ. “ಹತ್ತಿತು” ಎನ್ನುತ್ತಾಳೆ. ನಾನು ಕಳ್ಳಗಣ್ಣಿನಿಂದ ದೀಪ ನೋಡಿ ಉಸಿರು ಬಿಡುತ್ತೇನೆ.

ಕಳೆದ ತಿಂಗಳು ಹೀಗೇ ಕೇಳಿದೆ. “ಇಲ್ಲ” ಎಂದಳು.

ದೀಪ ಉರಿಯುತ್ತಿತ್ತು. ಹೇಗೆ ಬದಿಗೆ ತಂದು ನಿಲ್ಲಿಸಿದೆನೋ ದೇವರಿಗೇ ಗೊತ್ತು. ತಿರುಗಿ ಅವಳ ಮುಖ ಹಿಡಿದು “ಸರೀ ನೋಡೇ, ಸರೀ ನೋಡು!” ಎಂದು ಅರಚಿದೆ.

“ಹತ್ತಿದೆ ಅಮ್ಮ, ಹತ್ತಿದೆ! ಸುಮ್ನೆ ಅಂದೆ” ಎಂದಳು. ನನ್ನ ಕೈ ಬಿಡಿಸಿಕೊಂಡಳು. “ನೀನೂ ಅಪ್ಪಂಗೆ ಹಾಗೇ ಮಾಡಿದ್ಯಲ್ಲ. ದಿನಾ ಎಂತಕ್ಕೆ ಕೇಳ್ತೀ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?”

ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಇವರು ಕಿಟಕಿಯ ಕಡೆ ಮುಖ ಮಾಡಿದ್ದರು. “ಇನ್ನು ಆ ಪ್ರಶ್ನೆ ಬೇಡ ಮಾರಾಯ್ತಿ. ಮಗು ಹೆದರ್ತದೆ” ಎಂದರು. ಆಯಿತು ಎಂದೆ. ದೇವರಾಣೆಗೂ ಕೇಳಬಾರದು ಅಂದುಕೊಂಡಿದ್ದೆ.

ಮುಂದಿನ ಶನಿವಾರ ಹರಿಹರಪುರ ದಾಟಿದೆವು. ಸದ್ದು ಹಗುರಾಯಿತು. ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಒಂದು ತಿರುವು ತಡೆದುಕೊಂಡೆ, ಎರಡು ತಿರುವು ತಡೆದುಕೊಂಡೆ.

“ಪುಟ್ಟೀ, ಹತ್ತಿತಾ?”

ಅವಳು ಸಿಡುಕಲಿಲ್ಲ. ಕತ್ತು ಮುಂದೆ ಚಾಚಿ, ಬಾಗಿ ನೋಡಿ, “ಹತ್ತಿದೆ ಅಮ್ಮ” ಎಂದಳು. ಹೌದು, ಹತ್ತಿತ್ತು. ಆದರೆ ಅವಳು ಮೊದಲೂ ಇಷ್ಟೇ ಬಾಗುತ್ತಿದ್ದಳಾ? ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ.