ಆರು ಇಪ್ಪತ್ತೇಳರ ಕವಿತೆ

ನಮ್ಮ ರೇಡಿಯೊ ಸ್ಟೇಷನ್ನಿನಲ್ಲಿ ಅವನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ‘ಮೂರು ನಿಮಿಷ’. ಬೆಳಿಗ್ಗೆ ಆರೂವರೆಗೆ ಸುದ್ದಿ. ಅದಕ್ಕೆ ಮೊದಲು, ಆರು ಇಪ್ಪತ್ತೇಳರಿಂದ ಮೂರು ನಿಮಿಷ, ಒಂದು ಕವಿತೆ. ಅದನ್ನು ಓದುತ್ತಿದ್ದವನು ಅವನು. ಗಾಜಿನ ಈಚೆ ಕೂತು ಆ ದನಿಯನ್ನು ಹೆಚ್ಚು ಕಡಿಮೆ ಮಾಡಿ ಊರಿಗೆ ಕಳಿಸುತ್ತಿದ್ದವನು ನಾನು. ಇಪ್ಪತ್ತೆರಡು ವರ್ಷ ಹೀಗೆ ಎದುರುಬದುರು ಕೂತಿದ್ದೇವೆ. ನನ್ನ ಹೆಂಡತಿಯ ಮುಖವನ್ನು ಕೂಡ ನಾನು ಅಷ್ಟು ಹೊತ್ತು ನೋಡಿಲ್ಲ.

ಕವಿತೆ ಓದುವುದು ಸುಮ್ಮನೆ ಆಗುವ ಕೆಲಸವಲ್ಲ. ಹಿಂದಿನ ಸಂಜೆ ಮನೆಯಲ್ಲಿ ಅವನು ಅದನ್ನು ಗಟ್ಟಿಯಾಗಿ ಓದಬೇಕು, ಅವನ ಹೆಂಡತಿ, ನನಗೆ ಅತ್ತಿಗೆ, ಎದುರಿಗೆ ಗಡಿಯಾರ ಹಿಡಿದು ಕೂರಬೇಕು. “ರೀ, ಹನ್ನೊಂದು ಸೆಕೆಂಡು ಜಾಸ್ತಿ” ಅಂದರೆ ಆ ಕವಿತೆ ಪಕ್ಕಕ್ಕೆ, ಇನ್ನೊಂದು ಕೈಗೆ. ಎರಡು ಸಾಲು ಬಿಟ್ಟು ಓದಿದರೆ ಯಾರಿಗೆ ಗೊತ್ತಾಗುತ್ತೆ ಅಂತ ನಾನು ಒಮ್ಮೆ ಕೇಳಿದ್ದಕ್ಕೆ ಒಂದು ವಾರ ಅವನು ನನ್ನನ್ನು ಮಾತಾಡಿಸಲಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ತರುತ್ತಿದ್ದ.

ಮೊದಲೆಲ್ಲ ಕಾಗದಗಳು ಬರುತ್ತಿದ್ದವು. ನಿನ್ನೆಯದನ್ನು ಇನ್ನೊಮ್ಮೆ ಓದಿ ಅನ್ನುವವರು, ಅಲ್ಲಿ ನಿಲ್ಲಿಸಿದ್ದು ತಪ್ಪು ಅಂತ ಕಾಲು ಕೆರೆದು ಜಗಳಕ್ಕೆ ಬರುವವರು. ಅವನ್ನು ಇಡಲಿಕ್ಕೆ ಒಂದು ಡ್ರಾಯರ್ ಇತ್ತು. ಆಮೇಲೆ ಆ ಡ್ರಾಯರಿನಲ್ಲಿ ಹಳೆ ಬ್ಯಾಟರಿ ಸೇರಿದವು, ಆಮೇಲೆ ಕಾಫಿ ಲೋಟಗಳು. ಅವನು ಮಾತ್ರ ದಿನಾ ಒಮ್ಮೆ ಎಳೆದು ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಮೇಲೋ, ಊರಿನ ಮೇಲೋ, ಆಗ ಯೋಚಿಸಿರಲಿಲ್ಲ.

ಹೊಸ ನಿರ್ದೇಶಕಿ ಬಂದರು. ಕೆಟ್ಟವರೇನಲ್ಲ. ನಮ್ಮಿಬ್ಬರನ್ನೂ ಕೂರಿಸಿಕೊಂಡು ನೇರವಾಗಿಯೇ ಹೇಳಿದರು.

“ಸಾರ್, ಮೂರು ವರ್ಷದಿಂದ ಕವಿತೆಗೆ ಅಂತ ಒಂದೇ ಒಂದು ಕಾಗದ ಬಂದಿಲ್ಲ. ಅಡುಗೆ ಕಾರ್ಯಕ್ರಮಕ್ಕೆ ದಿನಕ್ಕೆ ಮೂವತ್ತು ಫೋನು. ನಾನು ಮೇಲಿನವರಿಗೆ ಏನಂತ ಹೇಳ್ಲಿ? ಈ ತಿಂಗಳ ಕೊನೆ ಒಳಗೆ ಒಬ್ಬರು, ಒಬ್ಬರೇ ಒಬ್ಬರು, ಕವಿತೆ ಬೇಕು ಅಂತ ಬರೀಲಿ. ಮುಂದುವರಿಸ್ತೀನಿ.”

ಆಗ ಅವನು ಒಂದು ಕೆಲಸ ಮಾಡಿದ. ಲೋಕದಲ್ಲಿ ಅವನಂಥವನು ಮಾತ್ರ ಮಾಡಬಹುದಾದ ಕೆಲಸ. ಸೋಮವಾರ ಕವಿತೆಯ ಕೊನೆಯ ನಾಲ್ಕು ಸಾಲನ್ನು ಓದದೆ ಬಿಟ್ಟ. ಅರ್ಧ ನಿಮಿಷ ಮೊದಲೇ ಬಾಯಿ ಮುಚ್ಚಿದ. ನಾನು ಗಾಬರಿಯಾಗಿ ವಾದ್ಯಸಂಗೀತ ಹಾಕಿದೆ.

“ಏನಾಯ್ತೋ ನಿಂಗೆ?” ಅಂದೆ.

“ಕೊನೆ ಗೊತ್ತಾಗದೆ ಯಾರಿಗೂ ನೆಮ್ಮದಿ ಇರಲ್ಲ ಕಣೋ. ಕೇಳೇ ಕೇಳ್ತಾರೆ. ನೋಡ್ತಿರು.”

ಅವನು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಮಧ್ಯಾಹ್ನ ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿದ. ಮಂಗಳವಾರವೂ ಬಿಟ್ಟ, ಬುಧವಾರವೂ ಬಿಟ್ಟ. ಊರಿಗೆ ಊರೇ ನೆಮ್ಮದಿಯಾಗಿತ್ತು. ಗುರುವಾರ ಫೋನು ಹೊಡೆದುಕೊಂಡಾಗ ಅವನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಯಾರೋ ಹವಾಮಾನ ಕೇಳಲು ಮಾಡಿದ್ದರು.

ಶನಿವಾರ, ಆರನೇ ದಿನ, ಒಬ್ಬ ಹೆಂಗಸಿನ ಫೋನು ಬಂತು. ಅವನು ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದ.

“ಆರೂವರೆ ಸುದ್ದಿಗೆ ಮೊದ್ಲು ಮಾತಾಡೋರು ನೀವೇನಾ? ಈ ವಾರ ಯಾಕೆ ಸಾರ್ ಅರ್ಧಕ್ಕೇ ನಿಲ್ಲಿಸ್ತಿದೀರಿ?”

ಅವನ ಮುಖ ನೋಡಬೇಕಿತ್ತು. “ನೋಡಿದ್ಯಾ” ಅಂತ ಕಣ್ಣಲ್ಲೇ ನನಗೆ ಹೇಳಿದ. “ಕ್ಷಮಿಸಿ ತಾಯಿ. ಯಾವ ದಿನದ್ದು ಬೇಕು ಹೇಳಿ, ಈಗಲೇ ಓದ್ತೀನಿ.”

“ಓದೋದು ಬೇಡ ಸಾರ್. ನಾನು ಗಾರ್ಮೆಂಟ್ ಕೆಲಸಕ್ಕೆ ಹೋಗೋಳು. ನೀವು ಶುರು ಮಾಡ್ದಾಗ ಒಲೆ ಮೇಲೆ ಹಾಲಿಡ್ತೀನಿ, ನಿಲ್ಲಿಸ್ದಾಗ ಇಳಿಸಿ ಬಸ್ಸಿಗೆ ಓಡ್ತೀನಿ. ನನ್ನ ಕೈಲಿ ಗಡಿಯಾರ ನೋಡೋಕೂ ಪುರುಸೊತ್ತಿಲ್ಲ. ಈ ವಾರ ಹಾಲು ಸರಿಯಾಗಿ ಕಾಯ್ತಿಲ್ಲ. ಮಗಳು ಸ್ಕೂಲಿಂದ ಬರೋ ಹೊತ್ತಿಗೆ ದಿನಾ ಒಡೆದಿರುತ್ತೆ.”

ಅವನು ಫೋನಿನ ಹತ್ತಿರಕ್ಕೆ ಬಗ್ಗಿ, “ನಾನು ಮಾತಾಡೋದು ಏನು ಅಂತ ಗೊತ್ತಾ ತಾಯಿ?” ಅಂದ.

“ಏನೋ ಒಳ್ಳೇದೇ ಹೇಳ್ತೀರಿ ಬಿಡಿ. ಸೋಮವಾರದಿಂದ ಪೂರ್ತಿ ಮಾತಾಡಿ.”

ಆ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಆಗಲಿಲ್ಲ ನನಗೆ. ಅವನು ಮಾತ್ರ ಹಟ ಬಿಡದೆ, ಬಂದದ್ದು ಬಂದಿದೆ ಅಂತ, ಅದನ್ನೇ ನಿರ್ದೇಶಕಿಯ ಹತ್ತಿರ ಒಯ್ದ. ಅವರು ಪೂರ್ತಿ ಕೇಳಿಸಿಕೊಂಡರು. “ಅವರಿಗೆ ಬೇಕಾಗಿರೋದು ಮೂರು ನಿಮಿಷ ಸಾರ್, ಕವಿತೆ ಅಲ್ಲ. ಅಲ್ಲಿಗೆ ಕೊಳಲು ಹಾಕಿಸ್ತೀನಿ, ಸರಿಯಾಗಿ ಮೂರೇ ನಿಮಿಷ” ಅಂದರು.

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ನನಗೆ ತಡೆಯಲಾಗಲಿಲ್ಲ. “ಏನು ಮಹಾ, ಒಂದು ಕಾಗದ ತಾನೆ? ನನ್ನ ನಾದಿನಿ ಹೆಸರಲ್ಲಿ ನಾನೇ ಗೀಚಿ ಹಾಕ್ತೀನಿ ಬಿಡು” ಅಂದೆ.

“ಅವಳ ಹೆಸರು ಯಾಕೆ? ನಿನ್ನ ಹೆಸರಲ್ಲೇ ಬರಿ. ನೀನೂ ಕೇಳುಗನೇ ಅಲ್ವಾ” ಅಂದ. ಎದುರಿಗೆ ಹಾಳೆ ಇಟ್ಟ. “ಜಾಸ್ತಿ ಬೇಡ. ಯಾವುದು ಹಿಡಿಸ್ತು ಅಂತ ಒಂದು ಸಾಲು ಸಾಕು.”

ಪೆನ್ನಿನ ಮುಚ್ಚಳ ತೆಗೆದೆ. ಇಪ್ಪತ್ತೆರಡು ವರ್ಷದ ಬೆಳಗುಗಳಲ್ಲಿ ಒಂದನ್ನು ಹುಡುಕಿದೆ. ಅವನು ಎಲ್ಲಿ ಉಸಿರೆಳೆಯುತ್ತಾನೆ ಅನ್ನುವುದು ಗೊತ್ತು. ಯಾವ ಅಕ್ಷರಕ್ಕೆ ಮೈಕು ಸೀಟಿ ಹೊಡೆಯುತ್ತೆ, ಶೀತವಾದಾಗ ದನಿಯನ್ನು ಎಷ್ಟು ಏರಿಸಬೇಕು, ಎಲ್ಲ ಗೊತ್ತು. ನನ್ನ ಕಣ್ಣು ಇದ್ದದ್ದು ದನಿ ಅಳೆಯುವ ಮೀಟರಿನ ಮುಳ್ಳಿನ ಮೇಲೆ. ದನಿ ಜೋರಾಗಿ ಮುಳ್ಳು ಕೆಂಪಿಗೆ ಹೋಗದಂತೆ ನೋಡಿಕೊಂಡಿದ್ದೆ. ಒಂದು ಸಾಲು, ಒಂದು ಪದ ಕೂಡ ನೆನಪಾಗಲಿಲ್ಲ.

“ನೀನೇ ಒಂದು ಹೇಳಪ್ಪ, ಬರ್ಕೋತೀನಿ” ಅಂದೆ, ತಲೆ ಎತ್ತದೆ.

ಅವನು ಬೈದಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ಮಡಿಸಿ ಜೇಬಿಗೆ ಹಾಕಿಕೊಂಡ. “ಹೋಗ್ಲಿ ಬಿಡು, ನಿನ್ನ ಕೆಲಸ ನಿಂಗೆ ಇರುತ್ತೆ” ಅಂದ. ಊರಿನವರ ಕಿವಿ ಕಿವುಡು ಅಂತ ಮೂರು ವರ್ಷ ಕಂಡಕಂಡವರ ಎದುರು ಕೂಗಾಡಿದ್ದವನು ನಾನೇ.

ಕೊನೆಯ ದಿನ ಬೆಳಿಗ್ಗೆ ಅವನ ಕೈಯಲ್ಲಿ ಆರು ಚೀಟಿ ಇದ್ದವು. ಆ ಆರು ದಿನ ಬಿಟ್ಟಿದ್ದ ಕೊನೆಯ ಸಾಲುಗಳು, ದಿನಕ್ಕೆ ನಾಲ್ಕರಂತೆ. “ಅರ್ಧರ್ಧ ನಿಮಿಷ ಆರು, ಸರಿಹೋಯ್ತು. ನಿಮ್ಮ ಅತ್ತಿಗೆ ಗಡಿಯಾರ ಹಿಡಿದು ನೋಡಿದ್ದಾಳೆ” ಅಂದ. ಪ್ರಸಾರದ ಕೆಂಪು ದೀಪ ಹತ್ತಿತು.

ನಾನು ಮುಳ್ಳು ನೋಡಲಿಲ್ಲ. ಅವನ ಬಾಯಿ ನೋಡಿದೆ. ನಾಲ್ಕನೆಯ ಚೀಟಿಯಲ್ಲಿ ಒಬ್ಬ ತಾಯಿ. ಮಗಳು ಸಿಟ್ಟು ಮಾಡಿಕೊಂಡು ಮನೆ ಬಿಟ್ಟಿದ್ದಾಳೆ. ಅವಳ ಹಳೆ ಚಪ್ಪಲಿ ಬಾಗಿಲಲ್ಲಿ ಹೊರಗೆ ಮುಖ ಮಾಡಿಕೊಂಡು ಬಿದ್ದಿದೆ. ತಾಯಿ ಅದನ್ನು ಒಳಕ್ಕೆ ತಿರುಗಿಸಿ ಇಡುತ್ತಾಳೆ, ಅಷ್ಟೆ. ಅಲ್ಲಿ ಅವನ ದನಿ ಏರಿತು. ಇಳಿಸಬೇಕಾದ ನನ್ನ ಕೈ ಮಡಿಲಲ್ಲೇ ಇತ್ತು.

ಒಂಬತ್ತು ಗಂಟೆಗೆ ಮುಖ್ಯ ಎಂಜಿನಿಯರರ ಮೆಮೊ ಬಂತು. ಆರು ಇಪ್ಪತ್ತೊಂಬತ್ತಕ್ಕೆ ಮುಳ್ಳು ಕೆಂಪಿಗೆ ಹೋಗಿ ಧ್ವನಿ ಒಡೆದಿದೆ, ಕಾರಣ ತಿಳಿಸಿ. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ, “ಕವಿತೆ ಕೇಳುತ್ತಿದ್ದೆ” ಅಂತ ಬರೆದು ಸಹಿ ಮಾಡಿದೆ.

ಮಧ್ಯಾಹ್ನ ಅದು ವಾಪಸು ಬಂತು. ನನ್ನ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: ಸರಿಯಾದ ಕಾರಣ ಬರೆಯಿರಿ.