ಕುರ್ಚಿಗಾಗಿ ನೆಲಕ್ಕೆ ಕುಳಿತದ್ದು

ದಸರಾ ರಜೆ ಮುಗಿಸಿ ಶಾಲೆಗೆ ಬಂದರೆ ತರಗತಿಗಳಲ್ಲಿ ನಮ್ಮ ಕುರ್ಚಿಗಳೇ ಇಲ್ಲ. ಟೇಬಲ್ ಇದೆ, ಡಸ್ಟರ್ ಇದೆ, ಶಿಕ್ಷಕರು ಕೂರುವ ಕುರ್ಚಿ ಮಾತ್ರ ಮಾಯ. ನಮ್ಮದು ಹುಮನಾಬಾದಿನ ಒಂದು ಖಾಸಗಿ ಪ್ರೌಢಶಾಲೆ. ನಾನು ಅಲ್ಲಿ ಕನ್ನಡ ಕಲಿಸುತ್ತೇನೆ. ನೇರ ಹೆಡ್ಮಾಸ್ತರ ಕೋಣೆಗೆ ಹೋಗಿ ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ, "ಸೆಕ್ರೆಟರಿ ಸಾಹೇಬ್ರು ಸ್ಟೋರ್ ರೂಮಿನಾಗ ಇಡಿಸ್ಯಾರ್ರಿ ಮೇಡಂ. ಇನ್ನ ಮ್ಯಾಲ ನಿಂತೇ ಪಾಠ ಮಾಡಬೇಕಂತ್ರಿ," ಎಂದರು. ಒಳ್ಳೆಯ ಮನುಷ್ಯ, ಆದರೆ ಮೇಲಿನವರು ಕೆಮ್ಮಿದರೂ ಹೌದ್ರಿ ಎನ್ನುವ ಪೈಕಿ.

ನಮ್ಮ ಆಡಳಿತ ಮಂಡಳಿಯ ಸೆಕ್ರೆಟರಿ ಸಾಹೇಬರಿಗೆ ಬಜಾರದಲ್ಲಿ ಬಟ್ಟೆ ಅಂಗಡಿ. ಹೈದರಾಬಾದಿನ ಯಾವುದೋ ದೊಡ್ಡ ಶಾಲೆ ನೋಡಿಕೊಂಡು ಬಂದಿದ್ದರಂತೆ, ಅಲ್ಲಿ ಯಾವ ಟೀಚರೂ ಕೂರುವುದಿಲ್ಲವಂತೆ. ನಮ್ಮ ಮೀಟಿಂಗ್ ಕರೆದು ಅದನ್ನೇ ಹೇಳಿದರು. "ಕುಂತ್ರ ಮೈ ಜಡ ಆಗ್ತದ್ರಿ, ನಿದ್ದಿ ಬರ್ತದ. ನಿಂತ್ರ ಪಾಠ ಬರೋಬರ್ ಆಗ್ತದ." ನನಗೆ ಮೈಯೆಲ್ಲ ಉರಿಯಿತು. ಇವರ ಅಂಗಡಿಯಲ್ಲಿ ಇವತ್ತಿಗೂ ಗೋಡೆಯಿಂದ ಗೋಡೆಗೆ ಬಿಳಿ ಗಾದಿ. ತಾವು ಬೆಳಿಗ್ಗೆ ಲೋಡು ದಿಂಬಿಗೆ ಒರಗಿದರೆ ಏಳುವುದು ಊಟಕ್ಕೆ! "ಸಾಹೇಬ್ರ, ನಿಮಗ ಗಾದಿ ಮ್ಯಾಲ ನಿದ್ದಿ ಬರಲ್ಲೇನ್ರಿ?" ಎಂದು ಕೇಳಿಯೇಬಿಟ್ಟೆ. ಹೆಡ್ಮಾಸ್ತರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಮೀಟಿಂಗ್ ಮುಗಿಯಿತೆಂದು ಎದ್ದು ಹೋದರು.

ನನ್ನ ಸಿಟ್ಟಿನ ಮಾತು ಬಿಡಿ, ನನ್ನ ಕಾಲು ಗಟ್ಟಿ ಇವೆ. ಪೇಚಿಗೆ ಸಿಕ್ಕವರು ನಮ್ಮ ಗಣಿತದ ಮೇಡಂ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ನಾನು ಅಕ್ಕ ಅನ್ನುತ್ತೇನೆ. ಇಬ್ಬರೂ ಬಸವಕಲ್ಯಾಣದಿಂದ ಒಂದೇ ಬಸ್ಸಿಗೆ ಬರುತ್ತೇವೆ. ಅವರ ಮೊಣಕಾಲು ಸವೆದುಹೋಗಿವೆ. ಕುರ್ಚಿ ಹೋದ ಮೇಲೆ ಒಂದು ಕೈಯಲ್ಲಿ ಟೇಬಲ್ ಹಿಡಿದು, ಇನ್ನೊಂದು ಕೈಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಬಸ್ಸಿನ ಮೆಟ್ಟಿಲು ಹತ್ತಿಸುವಾಗ ಹಿಂದಿನಿಂದ ನಾನು ನೂಕಬೇಕು, ಮೇಲಿನಿಂದ ಕಂಡಕ್ಟರ್ ಎಳೆಯಬೇಕು. "ಜರಾ ಹಗೂರ ಎಳಿಯಪ್ಪಾ, ಕೈಯರ ಉಳಿಲಿ," ಎಂದು ಅವರೇ ನಗುವರು.

ಒಂದು ಸಂಜೆ ಮಾತ್ರ ನಗಲಿಲ್ಲ. ಬಸ್ಸು ರಾಜೇಶ್ವರ ದಾಟಿತ್ತು. "ಈ ತಿಂಗಳು ನೋಡ್ತೀನವ್ವಾ. ಆಗಲಿಲ್ಲಂದ್ರ ನೌಕರಿ ಬಿಟ್ಟು ಮನ್ಯಾಗ ಕೂಡ್ತೀನಿ," ಎಂದರು. ಹತ್ತನೇ ತರಗತಿಯ ಮಕ್ಕಳು ಗಣಿತಕ್ಕೆ ಹೆದರದೆ ಕೂತಿರುವುದೇ ಈಕೆಯ ದೆಸೆಯಿಂದ. ಅವರಿಲ್ಲದ ಬಸ್ಸು, ಅವರಿಲ್ಲದ ಸ್ಟಾಫ್ ರೂಮು ನೆನೆದರೇ ನನಗೆ ಅಳು ಬಂತು. "ಬಿಡೂದ್ ಗಿಡೂದ್ ಏನಿಲ್ಲ ಅಕ್ಕಾ. ನಾ ಏನರ ಮಾಡ್ತೀನಿ ತಡಿ," ಎಂದೆ.

ಮಾಡಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ಅಕ್ಕನಿಗೆ ತಿಳಿಯದ ಹಾಗೆ ಉಳಿದವರನ್ನೆಲ್ಲ ಒಪ್ಪಿಸಿದೆ. ಬರೆದು ಕೊಟ್ಟ ಆರ್ಡರಿನಲ್ಲಿ ಇರುವುದು ಕುರ್ಚಿ ಬೇಡ ಎಂದು. ನೆಲದ ಮೇಲೆ ಕೂರಬೇಡಿ ಎಂದು ಯಾರು ಹೇಳಿದ್ದಾರೆ? ಶಾಲೆಯ ಸಮಾರಂಭಗಳಿಗೆ ಹಾಸುವ ಜಮಖಾನಗಳನ್ನು ಹೊರಗೆ ತೆಗೆದೆವು. ಮಕ್ಕಳಂತೂ ಹಬ್ಬ ಬಂದ ಹಾಗೆ ಬೆಂಚುಗಳನ್ನು ಗೋಡೆಗೆ ಸರಿಸಿ ಹಾಸಿಕೊಟ್ಟರು. ಹತ್ತನೇ ತರಗತಿಯಲ್ಲಿ ನಾನು ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಸಂಧಿ ಸಮಾಸ ಶುರು ಮಾಡಿದೆ. ಸಾಹೇಬರು ಬಂದು ನೋಡಲಿ, ಅವರ ಅಂಗಡಿಯನ್ನೇ ಇಲ್ಲಿ ತೆರೆದಿದ್ದೇವೆ ಎಂದು ಬೀಗಿದೆ.

ಗಂಟೆ ಹೊಡೆದು ಹೊರಬಂದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಾರೆ. ಮುಂದಿನ ಪಿರಿಯಡ್ ಅವರದು. ಜಮಖಾನ ನೋಡಿದರು, ನನ್ನನ್ನು ನೋಡಿದರು.

"ಭಾಳ ಶಾಣ್ಯಾಕಿ ಇದ್ದಿ ನೋಡವ್ವಾ. ನಾ ಎಲ್ಲಿ ಕೂಡ್ಲಿ?"

ಅಯ್ಯೋ ದೇವರೇ! ಮೊಣಕಾಲು ಮಡಚಲು ಬಾರದವರಿಗಾಗಿ ನಾವು ನೆಲಕ್ಕೆ ಕೂರುವ ಹೋರಾಟ ಹೂಡಿದ್ದೆವು. ಇಡೀ ಸ್ಟಾಫಿನಲ್ಲಿ ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ. ನನ್ನ ಮುಖ ನೋಡಿ ಅಕ್ಕ ಹೊಟ್ಟೆ ಹಿಡಿದು ನಕ್ಕರು. ನಕ್ಕು, ಒಳಗೆ ಹೋಗಿ, ಟೇಬಲ್ ಹಿಡಿದು ನಿಂತು ಪಾಠ ಶುರು ಮಾಡಿದರು.

ಆಗಲೇ ಸಾಹೇಬರ ಕಾರು ಬಂತು. ಹೆಡ್ಮಾಸ್ತರು ಫೋನ್ ಮಾಡಿದ್ದರು. ಸಾಹೇಬರು ಕೆಂಪಗಾಗಿ ದಡದಡ ಬಂದು ನೇರ ಹತ್ತನೇ ತರಗತಿಗೆ ನುಗ್ಗಿದರು. ಬಯ್ಯಲೆಂದೇ ಬಂದವರು, ಆದರೆ ಹೊಸ್ತಿಲಲ್ಲಿ ಜಮಖಾನ ಕಂಡದ್ದೇ ತಡ, ಕಾಲು ತಾವಾಗಿ ಚಪ್ಪಲಿ ಕಳಚಿದವು. ಹುಟ್ಟಿದಾಗಿನಿಂದ ಗಾದಿ ಮೇಲೆ ಬೆಳೆದ ಜೀವ! ಮಕ್ಕಳು ಸರಿದು ಜಾಗ ಬಿಟ್ಟು, "ಬರ್ರಿ ಸರ್, ಕೂಡ್ರಿ," ಎಂದರು. ಸಾಹೇಬರು ಕೂತೇಬಿಟ್ಟರು. ಕೂತ ಮೇಲೆ ಬಯ್ಯುವುದು ಹೇಗೆಂದು ತಿಳಿಯದೆ ಗಂಟಲು ಸರಿಮಾಡಿಕೊಂಡರು. ನಾನು ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಸಾಹೇಬರು ತಲೆ ಎತ್ತಿದರೆ ಎದುರಿಗೆ ವಯಸ್ಸಾದ ಹೆಣ್ಣುಮಗಳೊಬ್ಬರು ನಿಂತಿದ್ದಾರೆ. ಇವರ ಅಂಗಡಿಯಲ್ಲಿ ಒಂದು ಕರವಸ್ತ್ರ ಕೊಳ್ಳಲು ಬಂದವರನ್ನೂ ನಿಲ್ಲಿಸಿ ಮಾತಾಡಿಸುವ ಪದ್ಧತಿ ಇಲ್ಲ. ಮಾತು ಬಾಯಿಂದ ತಾನೇ ಬಂತು.

"ಕೂಡ್ರಿ ಬಾಯಾರ, ಯಾಕ ನಿಂತೀರಿ?"

"ಕೆಳಗ ಕೂಡಲಾಕ ಬರಲ್ರಿ ಸಾಹೇಬ್ರ. ಕುಂತ್ರ ಏಳಲಾಕ ಬರಲ್ರಿ," ಎಂದರು ಅಕ್ಕ, ಬಹಳ ಮರ್ಯಾದೆಯಿಂದ.

"ಹಂಗಾರ ಒಂದು ಕುರ್ಚಿ..." ಎಂದು ಸಾಹೇಬರು ಅಲ್ಲಿಗೇ ನಿಂತರು. ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದರು. ಅವರು ಅಕ್ಕನ ಕಾಲು ನೋಡಿದರು, ಟೇಬಲ್ ಹಿಡಿದ ಕೈ ನೋಡಿದರು. ಹಿಂದೆಯೇ ಬಂದಿದ್ದ ಹೆಡ್ಮಾಸ್ತರ ಕಡೆ ತಿರುಗಿ, "ಯಾಕ ಹೇಳಲಿಲ್ರಿ ನನಗ?" ಎಂದರು. ದನಿ ಸಣ್ಣದಾಗಿತ್ತು. ಹೆಡ್ಮಾಸ್ತರು ಎಂದಿನಂತೆ ಹೌದ್ರಿ ಎಂದರು. ಆಮೇಲೆ ತಾವೇ ಓಡಿ ಹೋಗಿ, ತಮ್ಮ ಕೋಣೆಯ ಕುರ್ಚಿಯನ್ನೇ ಎತ್ತಿಕೊಂಡು ಬಂದರು.

ಸಂಜೆಯೊಳಗೆ ಎಲ್ಲ ಕುರ್ಚಿಗಳೂ ತರಗತಿಗಳಿಗೆ ವಾಪಸು ಬಂದವು. ಸೋತೆ ಎಂದು ಸಾಹೇಬರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮರುದಿನ ಗಣಿತದ ಪಿರಿಯಡ್ಡಿನಲ್ಲಿ ಆ ಕಡೆ ಹಾದು ಹೋಗುತ್ತ ಇಣುಕಿದೆ. ಕುರ್ಚಿ ಖಾಲಿ ಇದೆ, ಅಕ್ಕ ನಿಂತು ಬೋರ್ಡಿನ ತುಂಬ ಲೆಕ್ಕ ಬರೆಯುತ್ತಿದ್ದಾರೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗಂಟೆ ಹೊಡೆದದ್ದೇ ಹೋಗಿ ಜಗಳಕ್ಕೆ ನಿಂತೆ. "ಅಕ್ಕಾ, ಇಷ್ಟೆಲ್ಲಾ ಹೈರಾಣ ಆಗಿ ಕುರ್ಚಿ ತರಿಸೀವಿ. ನೀ ನೋಡಿದ್ರ ನಿಂತೇ ಇದ್ದೀ?"

ಅಕ್ಕ ಕೈಗೆ ಅಂಟಿದ್ದ ಸೀಮೆಸುಣ್ಣದ ಪುಡಿ ಝಾಡಿಸಿದರು.

"ಬೇಕಂದಾಗ ಕೂಡಬಹುದು ಅಂತ ಗೊತ್ತಾದ್ರ ಸಾಕವ್ವಾ, ನಿಂದ್ರಲಾಕ ತಕಲೀಫ್ ಆಗಲ್ಲ," ಎಂದರು.