ಧೂಪ ಹಚ್ಚಬಾರದ ಕೀಲಿಕೈ

2017ರಲ್ಲಿ ನಾನು ವಡೋದರಾದ ಗೋರ್ವಾದಲ್ಲಿ ಒಂದು ಸಣ್ಣ ಟೆಸ್ಟಿಂಗ್ ಲ್ಯಾಬಿನ ರೇಡಿಯೋಗ್ರಫಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಬಾಯ್ಲರು, ಪೈಪುಗಳ ಬೆಸುಗೆಗೆ ಎಕ್ಸ್‌ರೇ ಹಾಯಿಸಿ ಫಿಲ್ಮಿನಲ್ಲಿ ದೋಷ ಹುಡುಕುವುದು. ಒಳಗೆ ಗಾಳಿಗುಳ್ಳೆಯೋ ಬಿರುಕೋ ಇದ್ದರೆ ಅಲ್ಲಿ ಫಿಲ್ಮು ಕಪ್ಪಾಗುತ್ತದೆ. ಕಬ್ಬಿಣಕ್ಕಿಂತ ದಟ್ಟವಾದದ್ದು ಇದ್ದರೆ ಬೆಳ್ಳಗೆ ಉಳಿಯುತ್ತದೆ. ಇಪ್ಪತ್ತೆಂಟು ವರ್ಷ ಕಪ್ಪು ಚುಕ್ಕೆ ಹುಡುಕಿದ ನನಗೆ, ಯಾರಿಗೂ ಕಾಣದ್ದು ನನಗೆ ಕಾಣುತ್ತದೆ ಎಂಬ ಜಂಬ ಸಾಕಷ್ಟಿತ್ತು.

ಆ ವರ್ಷ ಆಯುಧ ಪೂಜೆಯ ಬೆಳಿಗ್ಗೆ ಸದಾನಂದ ಶೆಟ್ಟರು ಬಂದರು. ಕುಂದಾಪುರದ ಕಡೆಯವರು, ನಾನು ದಿನಾ ಇಡ್ಲಿ ತಿನ್ನುತ್ತಿದ್ದ ಹೋಟೆಲಿನ ಮಾಲೀಕರು. ಎರಡನೆಯ ಹೋಟೆಲಿಗೆಂದು ಹಳೇ ಊರಿನಲ್ಲಿ ಹನ್ಸಾಬೆನ್ ಎಂಬ ವೃದ್ಧೆಯ ಮನೆ ಕೊಂಡಿದ್ದರು. ಆ ಮನೆಯ ಜೊತೆ ಬಂದ ಕೀಲಿಕೈಯೊಂದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಒಂಬತ್ತು ಅಂಗುಲ ಉದ್ದದ, ಚಪ್ಪಟೆ ಕಾಂಡದ ಕಬ್ಬಿಣದ ಕೀಲಿಕೈ. ಹಲ್ಲಿರುವ ತುದಿಗೆ ಅರಗು ಮೆತ್ತಿತ್ತು. ಹಿಡಿಯ ಬಳೆಯ ಹತ್ತಿರ ಅಕ್ಕಪಕ್ಕದಲ್ಲಿ ಎರಡು ಸಣ್ಣ ತೂತುಗಳಿದ್ದವು. ಒಂದರ ಸುತ್ತ ಹಳೆಯ ಮಸಿ ಹಿಡಿದಿತ್ತು.

"ಇದ್ರ ಒಳಗೆ ಎಂತದೋ ಉಂಟು ಮಾರಾಯ್ರೆ," ಎಂದರು. "ಬೀಗದವ ನಾಳೆ ಕುಲುಮೆಗೆ ಹಾಕಿ ಬಾಯಿ ಬಿಡಿಸ್ತೇನೆ ಅಂದಿದ್ದಾನೆ. ವಜ್ರಗಿಜ್ರ ಇದ್ರೆ ಹಾಳಾದೀತು ಅಲ್ವಾ? ಅದ್ಕೆ ಮುಂಚೆ ನೀವೊಮ್ಮೆ ನೋಡಿ."

ಜೊತೆಗೆ ಇನ್ನೊಂದು ಮಾತು ಹೇಳಿದರು. ಮನೆ ಬಿಟ್ಟುಕೊಡುವಾಗ ಹನ್ಸಾಬೆನ್ ಇಟ್ಟ ಷರತ್ತು ಒಂದೇ: ಈ ಕೀಲಿಕೈಗೆ ಧೂಪ ಹಚ್ಚಬಾರದು. ಯಾಕೆಂದು ಆಕೆ ಹೇಳಿರಲಿಲ್ಲ. ಆ ಮನೆಯಲ್ಲಿ ಅದನ್ನು ಯಾವಾಗಲೂ ತುದಿ ಗೋಡೆಯ ಕಡೆ ಮಾಡಿಯೇ ಇಡುತ್ತಿದ್ದರಂತೆ.

ನಾನು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂದು ಲ್ಯಾಬಿಗೆ ರಜೆ. ಸುತ್ತಲಿನ ಕಾರ್ಖಾನೆಗಳೆಲ್ಲ ಸುಮ್ಮನಿದ್ದವು. ಆ ಪ್ರದೇಶದಲ್ಲಿ ಅಂಥ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೀಲಿಕೈಯನ್ನು ಫಿಲ್ಮಿನ ಮೇಲಿಟ್ಟು ಐದು ನಿಮಿಷ ಎಕ್ಸ್‌ರೇ ಹಾಯಿಸಿದೆ. ಆಮೇಲೆ ಪೂಜೆಯ ಮಣೆಯ ಮೇಲೆ ಲ್ಯಾಬಿನ ಸ್ಪ್ಯಾನರ್, ಮೀಟರುಗಳ ನಡುವೆ ಅದಕ್ಕೂ ಜಾಗ ಮಾಡಿದೆ. ನಮ್ಮ ಮನೆಯ ಪದ್ಧತಿಯಂತೆ ಹಿಡಿ ದೇವರ ಕಡೆ, ತುದಿ ನಮ್ಮ ಕಡೆ.

"ಧೂಪ ಬೇಡ ಅಂದಿದ್ದಾರಲ್ಲ?" ಶೆಟ್ಟರು ಅನುಮಾನಿಸಿದರು.

"ಇವತ್ತ ಆಯುಧ ಪೂಜಿ ಶೆಟ್ರ. ಒಂದ ಕಬ್ಬಿಣಕ್ಕ ಇದ್ದು ಇನ್ನೊಂದಕ್ಕ ಇಲ್ಲಂದ್ರ ಹೆಂಗ?" ಎಂದೆ. ಒಳಗೆ ಬಿದಿರುಕಡ್ಡಿಯಿಲ್ಲದ, ಬುಡದವರೆಗೂ ಉರಿಯುವ ಮೆತ್ತನೆಯ ಧೂಪ ನನ್ನ ಕೈಯಲ್ಲಿತ್ತು. ನಿಲ್ಲಿಸಲು ಸ್ಟ್ಯಾಂಡ್ ಸಿಗಲಿಲ್ಲ. ಕೀಲಿಕೈಯ ತೂತು ಅದಕ್ಕೆಂದೇ ಕೊರೆದಂತಿತ್ತು. ಮಸಿ ಹಿಡಿದದ್ದನ್ನು ಬಿಟ್ಟು, ಶುಚಿಯಾದ ತೂತಿಗೆ ಧೂಪದ ಬುಡವನ್ನು ಹೊಸೆದು ಸಿಕ್ಕಿಸಿ ಹಚ್ಚಿದೆ. ದೀಪ ನೋಡಿಕೊಳ್ಳಿರೆಂದು ಶೆಟ್ಟರನ್ನು ಮಣೆಯ ಮುಂದೆ ಕೂರಿಸಿ ಡಾರ್ಕ್‌ರೂಮಿಗೆ ಹೋದೆ.

ಡೆವಲಪರಿನಲ್ಲಿ ಐದು ನಿಮಿಷ, ಫಿಕ್ಸರಿನಲ್ಲಿ ಹತ್ತು. ಒದ್ದೆ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟೆ. ಕಾಂಡದೊಳಗೆ ಅಕ್ಕಪಕ್ಕ ಎರಡು ಕಪ್ಪು ಸುರಂಗಗಳು. ಒಂದು ಪೂರ್ತಿ ಖಾಲಿ. ಇನ್ನೊಂದರಲ್ಲಿ ಕಡಲೆಕಾಳಿನಷ್ಟು ದುಂಡನೆಯ ಬಿಳಿ ಚುಕ್ಕೆ. ಸೀಸ. ಅದರ ಹಿಂದೆ ಪುಡಿ ತುಂಬಿದಂತೆ ಮಸುಕು. ಆ ಮಸುಕಿನಿಂದ ಸಣ್ಣ ದಾರಿಯೊಂದು ಮೇಲಕ್ಕೆ ಹೋಗಿ, ನಾನು ಧೂಪ ಸಿಕ್ಕಿಸಿದ ತೂತಿನಲ್ಲಿ ಮುಗಿದಿತ್ತು.

ಅದು ಕೀಲಿಕೈಯ ರೂಪದ ಜೋಡಿನಳಿಗೆ ಪಿಸ್ತೂಲು.

ಹೊರಗೆ ಶೆಟ್ಟರು ಕಣ್ಣು ಮುಚ್ಚಿ ಕೈಮುಗಿದು ಕುಳಿತಿದ್ದರು. ಕೀಲಿಕೈಯ ತುದಿ ಅವರ ಎದೆಯಿಂದ ಒಂದು ಮೊಳ ದೂರವಿತ್ತು. ಧೂಪ ಅರ್ಧ ಅಂಗುಲ ಉಳಿದಿತ್ತು. ಕೂಗಿದರೆ ಬೆಚ್ಚಿ ಮಣೆಗೆ ಕೈ ತಗಲಿಸಿಯಾರು. ಹೆಜ್ಜೆಯ ಸದ್ದು ಮಾಡದೆ ಹೋಗಿ, ಉರಿಯುವ ಕೆಂಡವನ್ನು ಎರಡು ಬೆರಳಲ್ಲಿ ಹಿಸುಕಿ ಎತ್ತಿದೆ. ಶೆಟ್ಟರು ಕಣ್ಣು ಬಿಟ್ಟು, "ಪೂಜೆ ಆಯ್ತಾ?" ಎಂದರು. ನಾನು ಕೀಲಿಕೈಯ ತುದಿಯನ್ನು ಗೋಡೆಯ ಕಡೆ ತಿರುಗಿಸಿದೆ.

ಪೊಲೀಸರಿಗೆ ತಿಳಿಸಿದೆವು. ಅವರು ಕರೆಸಿದ ತಜ್ಞರು ಒಳಗಿನ ಸಿಡಿಮದ್ದನ್ನು ಹೊರತೆಗೆದು ಒಂದು ಚಿಟಿಕೆಗೆ ಬೆಂಕಿ ತಾಗಿಸಿದರು. ನಿನ್ನೆ ತುಂಬಿದಂತೆ ಭುಗ್ಗೆಂದಿತು. ಬಾಗಿಲು ತೆಗೆಯುವ ಕಾವಲುಗಾರನ ಮೇಲೆ ಯಾರಾದರೂ ಎರಗಿದರೆ ಕೈಯಲ್ಲಿದ್ದ ಕೀಲಿಕೈಯೇ ಆಯುಧವಾಗಲಿ ಎಂದು ಹಿಂದೆ ಇಂಥವನ್ನು ಮಾಡುತ್ತಿದ್ದರಂತೆ.

ವಾರದ ನಂತರ ಫಿಲ್ಮು ಹಿಡಿದು ಶೆಟ್ಟರೊಡನೆ ಹನ್ಸಾಬೆನ್ ಇದ್ದ ಬಾಡಿಗೆ ಮನೆಗೆ ಹೋದೆ. ಎಲ್ಲವನ್ನೂ ಕೇಳಿ ಆಕೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: "ನನ್ನ ತಾಯಿ ಮದುವೆಯಾಗಿ ಬಂದ ಮೊದಲ ವರ್ಷ. ದೀಪಾವಳಿಯ ಧನ್‌ತೇರಸ್ ಪೂಜೆಗೆ ಧೂಪ ಸಿಕ್ಕಿಸಿದವಳು ಅವಳೇ. ದೊಡ್ಡ ಸದ್ದಾಯಿತಂತೆ. ಅಜ್ಜ ಎದೆ ಹಿಡಿದುಕೊಂಡು ಬಿದ್ದವರು ಮತ್ತೆ ಏಳಲಿಲ್ಲ, ಮೈಮೇಲೆ ಒಂದು ಗಾಯವೂ ಇರಲಿಲ್ಲವಂತೆ. ಸೊಸೆಯ ಕಾಲ್ಗುಣಕ್ಕೆ ದೇವಿ ಮುನಿದಳು ಅಂದರು. ಅಮ್ಮ ಸಾಯುವ ತನಕ ಆ ಮನೆಯ ದೇವರ ಕೋಣೆಗೆ ಕಾಲಿಡಲಿಲ್ಲ. ಅದರ ತುದಿಗೆ ಅರಗು ಮೆತ್ತಿ, ಕೆಂಪು ಬಟ್ಟೆ ಸುತ್ತಿ, ಧೂಪ ಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡವಳು ಅವಳೇ."

ಆಕೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದರಲ್ಲಿ ನನ್ನ ಅಮ್ಮನದು ಯಾವುದು?"

ಖಾಲಿ ಸುರಂಗವನ್ನು ತೋರಿಸಿದೆ. ಆಕೆ ಅದರ ಮೇಲೆ ಬೆರಳಿಟ್ಟು, "ಅಷ್ಟೇನಾ? ಮದ್ದಾ?" ಎಂದು ಅತ್ತರು. ನಾನೂ ಅತ್ತೆ. ಎಪ್ಪತ್ತು ವರ್ಷ ಒಬ್ಬ ಹೆಂಗಸಿನ ಮೇಲಿದ್ದ ಅಪವಾದ ಐದು ನಿಮಿಷದ ಎಕ್ಸ್‌ರೇಗೆ ಕಳಚಿತ್ತು. ಅವಳು ಮಾತ್ರ ಇರಲಿಲ್ಲ.

ಲ್ಯಾಬಿನ ನಿಯಮದಂತೆ ಫಿಲ್ಮು ದಾಖಲೆಯಲ್ಲಿರಬೇಕು. ಅದನ್ನು ಹನ್ಸಾಬೆನ್ ಕೈಯಲ್ಲೇ ಬಿಟ್ಟು ಬಂದೆ. ಕಾರಣ ಗೊತ್ತಿಲ್ಲದವರು ಕೊಟ್ಟ ಎಚ್ಚರಿಕೆಯೂ ಎಚ್ಚರಿಕೆಯೇ ಎಂದು ನನ್ನ ಕೆಲಸ ಆ ದಿನ ಕಲಿಸಿತು. ಯಾರಾದರೂ "ಇದನ್ನು ಮುಟ್ಟಬೇಡಿ, ಯಾಕೋ ಗೊತ್ತಿಲ್ಲ" ಎಂದರೆ ಈಗ ಮೊದಲು ಕೈ ಹಿಂದೆಗೆಯುತ್ತೇನೆ, ಆಮೇಲೆ ಪರೀಕ್ಷೆ ಮಾಡುತ್ತೇನೆ. ಸುಟ್ಟ ಬೆರಳುಗಳ ಗುರುತು ಇನ್ನೂ ಇದೆ.